‘ಬಹಳ ರೇರ್ ಸಾರ್’: ಹಳೆಯ ಸಿನಿಮಾ ಪೋಸ್ಟರ್ ಬಗೆಗಿನ ತಪ್ಪು ಕಲ್ಪನೆಗಳು

ಹಳೆಯ ಸಿನಿಮಾ ಪೋಸ್ಟರ್ ಮಾರುವವರ ಬಾಯಲ್ಲಿ ಎರಡು ಮಾತು ಸದಾ ಸಿದ್ಧವಾಗಿರುತ್ತವೆ. ಒಂದು, ‘ಬಹಳ ರೇರ್ ಸಾರ್’. ಇನ್ನೊಂದು, ‘ಇದು ಅಚ್ಚಾಗಿದ್ದೇ ಐನೂರು ಪ್ರತಿ’. ಮೊದಲನೆಯದಕ್ಕೆ ಅಳತೆಗೋಲಿಲ್ಲ, ಎರಡನೆಯದಕ್ಕೆ ಬಹುಪಾಲು ದಾಖಲೆಯಿಲ್ಲ. ಹಾಲಿವುಡ್ ಇರಲಿ, ಮುಂಬೈ ಇರಲಿ, ಮದರಾಸು ಇರಲಿ, ಯಾವ ಚಿತ್ರಕ್ಕೆ ಎಷ್ಟು ಹಾಳೆ ಹೊಡೆದರು ಎಂಬ ಪ್ರೆಸ್ಸಿನ ಲೆಕ್ಕ ಇಂದು ಕೈಗೆ ಸಿಗುವುದು ತೀರ ಕಡಿಮೆ. ಅಮೆರಿಕದ ಸ್ಟುಡಿಯೋಗಳು ಚಿತ್ರಮಂದಿರಗಳಿಗೆ ಕಳಿಸುತ್ತಿದ್ದ ಪ್ರೆಸ್‌ಬುಕ್‌ಗಳಲ್ಲಿ ಯಾವ ಅಳತೆಯ ಪೋಸ್ಟರ್‌ಗಳು ದೊರೆಯುತ್ತವೆ ಎಂಬ ಪಟ್ಟಿ ಇರುತ್ತಿತ್ತು. ಎಷ್ಟು ಮುದ್ರಿಸಿದ್ದೇವೆ ಎಂದು ಹೇಳುವ ಅಗತ್ಯ ಅವರಿಗಿರಲಿಲ್ಲ. ಈ ಖಾಲಿ ಜಾಗದಲ್ಲೇ ನಂಬಿಕೆಗಳು ಬೆಳೆದಿವೆ.

ತಪ್ಪು ಕಲ್ಪನೆ: ಸಾವಿರಾರು ಪ್ರತಿ ಅಚ್ಚಾಗಿದ್ದರೆ ಇಂದು ನೂರಾರಾದರೂ ಸಿಗಲೇಬೇಕು.

ಸತ್ಯ: ಅಚ್ಚಾದ ಸಂಖ್ಯೆಗೂ ಉಳಿದ ಸಂಖ್ಯೆಗೂ ನೇರ ಸಂಬಂಧವಿಲ್ಲ. ಪೋಸ್ಟರ್ ಮಾರಾಟದ ಸರಕಾಗಿರಲಿಲ್ಲ, ಬಳಸಿ ಬಿಸಾಡುವ ಕಾಗದವಾಗಿತ್ತು. ಅಮೆರಿಕದಲ್ಲಿ 1940ರಿಂದ ಮುಂದಿನ ದಶಕಗಳಲ್ಲಿ ಬಹುಪಾಲು ಸ್ಟುಡಿಯೋಗಳ ಪೋಸ್ಟರ್ ವಿತರಣೆ ನ್ಯಾಷನಲ್ ಸ್ಕ್ರೀನ್ ಸರ್ವಿಸ್ ಎಂಬ ಸಂಸ್ಥೆಯ ಕೈಯಲ್ಲಿತ್ತು. ಚಿತ್ರಮಂದಿರಗಳು ಅವನ್ನು ಬಾಡಿಗೆಗೆ ಪಡೆದು, ಪ್ರದರ್ಶನ ಮುಗಿದ ಮೇಲೆ ಹಿಂತಿರುಗಿಸಬೇಕಿತ್ತು. ಒಂದೇ ಹಾಳೆ ಊರಿಂದೂರಿಗೆ ಸುತ್ತಿ, ಮೊಳೆ ಹೊಡೆಸಿಕೊಂಡು, ಹರಿದು, ಕೊನೆಗೆ ಕಸಕ್ಕೆ ಸೇರುತ್ತಿತ್ತು. ಎರಡನೇ ಮಹಾಯುದ್ಧದ ಕಾಲದ ರದ್ದಿ ಸಂಗ್ರಹ ಅಭಿಯಾನದಲ್ಲಿ ಹಳೆಯ ದಾಸ್ತಾನು ಇನ್ನಷ್ಟು ಕರಗಿತು.

ನಮ್ಮಲ್ಲಿ ಬಾಡಿಗೆಯ ಗೊಡವೆಯೂ ಇರಲಿಲ್ಲ. ಮೈದಾ ಅಂಟು ಬಳಿದು ಗೋಡೆಗೆ ಹಚ್ಚಿದರೆ ಮುಗಿಯಿತು. ಮುಂದಿನ ಶುಕ್ರವಾರದ ಚಿತ್ರ ಅದರ ಮೇಲೆಯೇ ಕೂರುತ್ತಿತ್ತು. ಹಚ್ಚದೆ ಉಳಿದದ್ದು ವಿತರಕರ ಗೋದಾಮಿನಲ್ಲಿ ಗೆದ್ದಲಿಗೆ, ಮಳೆನೀರಿಗೆ, ತೂಕದ ಲೆಕ್ಕದಲ್ಲಿ ರದ್ದಿಯವನಿಗೆ ಹೋಯಿತು. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ದ ಪ್ರಿಂಟೇ ಉಳಿಯಲಿಲ್ಲ. ಇನ್ನು ಅದರ ಕಾಗದವನ್ನು ಯಾರು ಕಾಯುತ್ತಿದ್ದರು?

ತಪ್ಪು ಕಲ್ಪನೆ: ಪೋಸ್ಟರ್‌ನ ಕೆಳಮೂಲೆಯಲ್ಲಿರುವ ಸಂಖ್ಯೆ ಎಷ್ಟು ಪ್ರತಿ ಮುದ್ರಿಸಿದರು ಎಂಬುದನ್ನು ಹೇಳುತ್ತದೆ.

ಸತ್ಯ: ಇದು ಅತಿ ಹೆಚ್ಚು ಜನರನ್ನು ದಾರಿ ತಪ್ಪಿಸುವ ನಂಬಿಕೆ. 1977ರ ‘ಸ್ಟಾರ್ ವಾರ್ಸ್’ ಪೋಸ್ಟರ್‌ನ ಅಡಿಯಲ್ಲಿ 77/21 ಎಂದಿರುತ್ತದೆ. ಅದನ್ನು ಕಂಡು ‘77ರಲ್ಲಿ 21ನೇ ಪ್ರತಿ’ ಎಂದು ಹಿಗ್ಗುವವರುಂಟು. ನಿಜದಲ್ಲಿ ಅದು ನ್ಯಾಷನಲ್ ಸ್ಕ್ರೀನ್ ಸರ್ವಿಸ್‌ನ ಕಡತ ಸಂಖ್ಯೆ: 1977ನೇ ವರ್ಷದ ಪಟ್ಟಿಯಲ್ಲಿ ಆ ಚಿತ್ರಕ್ಕೆ ಸಿಕ್ಕ ಕ್ರಮಾಂಕ 21. ಆ ಚಿತ್ರದ ಎಲ್ಲ ಪ್ರತಿಗಳ ಮೇಲೂ ಅದೇ ಸಂಖ್ಯೆ ಇರುತ್ತದೆ. ಮುಂದೆ ‘ಆರ್’ ಅಕ್ಷರವಿದ್ದರೆ ಅದು ಮರುಬಿಡುಗಡೆಯ ಪೋಸ್ಟರ್ ಎಂದರ್ಥ. ಹೀಗಾಗಿ ಆ ಸಂಖ್ಯೆ ಕಾಲ ತಿಳಿಯಲು ಬಲು ಉಪಯುಕ್ತ, ವಿರಳತೆ ತಿಳಿಯಲು ಏನೇನೂ ಉಪಯೋಗವಿಲ್ಲ.

ಈ ಗೊಂದಲ ಬಂದದ್ದು ಕಲಾಮುದ್ರಣಗಳ ಲೋಕದಿಂದ. ಅಮೆರಿಕದ ಮೊಂಡೊ ಸಂಸ್ಥೆ ಹೊರತಂದಂಥ ಸ್ಕ್ರೀನ್‌ಪ್ರಿಂಟ್ ಪೋಸ್ಟರ್‌ಗಳಲ್ಲಿ ಒಟ್ಟು ಪ್ರತಿಗಳೆಷ್ಟು ಎಂದು ಮೊದಲೇ ಘೋಷಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಹಾಕುತ್ತಾರೆ. ಅವು ಸಂಗ್ರಾಹಕರಿಗೆಂದೇ ತಯಾರಾದವು. ಚಿತ್ರಮಂದಿರಕ್ಕೆಂದು ಅಚ್ಚಾದ ಹಳೆಯ ಪೋಸ್ಟರ್‌ಗೆ ಹೀಗೆ ಸಂಖ್ಯೆ ಹಾಕುವ ಪದ್ಧತಿಯೇ ಇರಲಿಲ್ಲ. ‘500ರಲ್ಲಿ 12’ ಎಂಬ ಬರಹವಿರುವ 1950ರ ಚಿತ್ರದ ಪೋಸ್ಟರ್ ಕಂಡರೆ, ಅದು ಈಚಿನ ಮುದ್ರಣವೆಂದೇ ತಿಳಿಯಿರಿ.

ತಪ್ಪು ಕಲ್ಪನೆ: ಹಿಂಪಡೆದ ಪೋಸ್ಟರ್ ಎಲ್ಲಕ್ಕಿಂತ ಅಪರೂಪ.

ಸತ್ಯ: ‘ರಿಟರ್ನ್ ಆಫ್ ದ ಜೆಡೈ’ ಚಿತ್ರಕ್ಕೆ ಮೊದಲಿಟ್ಟ ಹೆಸರು ‘ರಿವೆಂಜ್ ಆಫ್ ದ ಜೆಡೈ’. ಆ ಹೆಸರಿನಲ್ಲಿ ಮುಂಗಡ ಪೋಸ್ಟರ್ ಅಚ್ಚಾಗಿ ಕೆಲವು ಚಿತ್ರಮಂದಿರಗಳಿಗೂ ತಲುಪಿತ್ತು. ಅಷ್ಟರಲ್ಲಿ ಹೆಸರು ಬದಲಾಯಿತು, 1983ರ ಮೇ ತಿಂಗಳಲ್ಲಿ ಚಿತ್ರ ಹೊಸ ಹೆಸರಿನಲ್ಲೇ ತೆರೆಗೆ ಬಂತು. ಉಳಿದ ಪೋಸ್ಟರ್‌ಗಳು ನಾಶವಾದವೇ? ಇಲ್ಲ, ಅಭಿಮಾನಿ ಸಂಘದ ಸದಸ್ಯರಿಗೆ ಮಾರಾಟವಾದವು. ಕೊಂಡವರು ಗೋಡೆಗೆ ಹಚ್ಚಿ ಹರಿಯುವವರಲ್ಲ, ಜೋಪಾನವಾಗಿ ಸುತ್ತಿಡುವವರು. ಎಲ್ಲ ಚಿತ್ರಮಂದಿರಗಳಿಗೂ ಹೋಗಿ ಮೈಮುರಿದು ದುಡಿದ ಎಷ್ಟೋ ಪೋಸ್ಟರ್‌ಗಳಿಗಿಂತ ಈ ‘ರದ್ದಾದ’ ಪೋಸ್ಟರ್ ಹೆಚ್ಚು ಸುರಕ್ಷಿತವಾಗಿ ಉಳಿದದ್ದು ಹೀಗೆ. ಅದರ ಬೆಲೆ ಏರಿರುವುದಕ್ಕೆ ಕಾರಣ ಬೇಡಿಕೆ. ಆ ಬೇಡಿಕೆಯನ್ನು ನೋಡಿಯೇ ನಕಲುಗಳೂ ಹುಟ್ಟಿಕೊಂಡಿವೆ.

ತಪ್ಪು ಕಲ್ಪನೆ: ಹಳೆಯದಾದಷ್ಟೂ ಅಪರೂಪ, ಅಪರೂಪವಾದಷ್ಟೂ ದುಬಾರಿ.

ಸತ್ಯ: ಇಲ್ಲಿ ಎರಡು ತಪ್ಪುಗಳು ಒಂದೇ ಮಾತಿನಲ್ಲಿ ಸೇರಿಕೊಂಡಿವೆ. ಫ್ರಿಟ್ಜ್ ಲಾಂಗ್‌ನ ‘ಮೆಟ್ರೊಪೊಲಿಸ್’ (1927) ಚಿತ್ರಕ್ಕೆ ಹೈನ್ಜ್ ಶುಲ್ಟ್ಜ್-ನಾಯ್ಡಾಮ್ ಬಿಡಿಸಿದ ಪೋಸ್ಟರ್‌ನ ಬೆರಳೆಣಿಕೆಯ ಪ್ರತಿಗಳು ಮಾತ್ರ ಗೊತ್ತಿವೆ. ಅವುಗಳಲ್ಲೊಂದು 2005ರಲ್ಲಿ 6,90,000 ಡಾಲರ್‌ಗೆ ಮಾರಾಟವಾಯಿತು. ಅದೇ 1927ರ ‘ಲಂಡನ್ ಆಫ್ಟರ್ ಮಿಡ್‌ನೈಟ್’ ಚಿತ್ರವೇ ಕಳೆದುಹೋಗಿದೆ; ಅದರ ಪೋಸ್ಟರ್ 2014ರ ಹರಾಜಿನಲ್ಲಿ 4,78,000 ಡಾಲರ್ ತಂದಿತು. ಆದರೆ ಅದೇ ಕಾಲದ, ಈಗ ಯಾರಿಗೂ ನೆನಪಿಲ್ಲದ ನಟರ ಮೂಕಿಚಿತ್ರಗಳ ಪೋಸ್ಟರ್‌ಗಳಲ್ಲಿ ಒಂದೇ ಪ್ರತಿ ಉಳಿದಿದ್ದರೂ ಕೇಳುವವರಿಲ್ಲ. ಮೇಲಿನ ಎರಡು ಪೋಸ್ಟರ್‌ಗಳ ಬೆಲೆಯನ್ನು ಕಟ್ಟಿದ್ದು ವಿರಳತೆಯೊಂದೇ ಅಲ್ಲ. ಒಂದಕ್ಕೆ ನಿರ್ದೇಶಕನ ಕೀರ್ತಿ ಮತ್ತು ಕಲಾವಿದನ ಕೈಚಳಕ, ಇನ್ನೊಂದಕ್ಕೆ ನಟ ಲಾನ್ ಚೇನಿಯ ಹೆಸರು ಹಾಗೂ ಭಯಾನಕ ಚಿತ್ರಗಳ ಅಭಿಮಾನಿ ಬಳಗ ಜೊತೆಗಿತ್ತು. ಬೆಲೆ ಕೇಳಿ ವಿರಳತೆ ಅಳೆಯಬಾರದು, ವಿರಳತೆ ಹೇಳಿ ಬೆಲೆ ಏರಿಸುವವರನ್ನೂ ನಂಬಬಾರದು.

ಒಂದೇ ಚಿತ್ರದ ಪೋಸ್ಟರ್‌ಗಳಲ್ಲೂ ಅಳತೆಯ ಮೇಲೆ ವಿರಳತೆ ಬದಲಾಗುತ್ತದೆ. ಅಮೆರಿಕದ 24 ಹಾಳೆಗಳ ಬೃಹತ್ ಪೋಸ್ಟರ್ ಬಯಲಿನಲ್ಲಿ ಅಂಟಿಸಲೆಂದೇ ಮಾಡಿದ್ದು, ಅಂಟಿಸಿದ ಮೇಲೆ ಬಿಡಿಸುವಂತಿಲ್ಲ. ನಮ್ಮಲ್ಲೂ ಆರು ಹಾಳೆಯ ಪೋಸ್ಟರ್‌ಗಿಂತ 30x40 ಅಂಗುಲದ್ದು ಸುಲಭವಾಗಿ ಸಿಗುತ್ತದೆ. ಅದಕ್ಕಿಂತ ಸುಲಭವಾಗಿ ಸಿಗುವುದು ಹಾಡಿನ ಪುಸ್ತಕ. ಪುಟ್ಟದಾದ್ದರಿಂದ ಜನ ಅದನ್ನು ಮನೆಗೆ ಒಯ್ದು ಟ್ರಂಕಿನಲ್ಲಿಟ್ಟರು.

ತಪ್ಪು ಕಲ್ಪನೆ: ಚಿತ್ರದ ವರ್ಷವೇ ಪೋಸ್ಟರ್‌ನ ವರ್ಷ.

ಸತ್ಯ: ಯಶಸ್ವಿ ಚಿತ್ರ ಮತ್ತೆ ಮತ್ತೆ ಬಿಡುಗಡೆಯಾಗುತ್ತಿತ್ತು, ಪ್ರತಿ ಸಲವೂ ಹೊಸ ಪೋಸ್ಟರ್ ಬರುತ್ತಿತ್ತು. 1939ರ ‘ಗಾನ್ ವಿತ್ ದ ವಿಂಡ್’ 1947, 1954, 1961, 1967ರಲ್ಲಿ ಮತ್ತೆ ತೆರೆಕಂಡಿತು. ಅಮೆರಿಕದ ಪೋಸ್ಟರ್‌ನಲ್ಲಾದರೆ ‘ಆರ್’ ಅಕ್ಷರ ಕೈಹಿಡಿಯುತ್ತದೆ. ಭಾರತದ ಪೋಸ್ಟರ್‌ನಲ್ಲಿ ಬಹಳ ಸಲ ದಿನಾಂಕವೇ ಇರುವುದಿಲ್ಲ. ‘ಮುಘಲ್-ಎ-ಆಜಮ್’ 1960ರದ್ದು, ಬಣ್ಣ ತುಂಬಿದ ಆವೃತ್ತಿ ಬಂದದ್ದು 2004ರಲ್ಲಿ. ನಡುವೆ ಎಷ್ಟೋ ಮರುಪ್ರದರ್ಶನಗಳು. 1971ರ ‘ಕಸ್ತೂರಿ ನಿವಾಸ’ ಕಪ್ಪು-ಬಿಳುಪಿನಿಂದ ಬಣ್ಣಕ್ಕೆ ತಿರುಗಿ 2014ರಲ್ಲಿ ಮತ್ತೆ ಬಂತು. ರಾಜ್‌ಕುಮಾರ್ ಚಿತ್ರಗಳ ಪೋಸ್ಟರ್ ಕೊಳ್ಳುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇದು ಯಾವ ಬಿಡುಗಡೆಯದು? ಅಂಚಿನಲ್ಲಿರುವ ಪ್ರೆಸ್ಸಿನ ಹೆಸರು, ವಿತರಕರ ಹೆಸರು, ಕಾಗದದ ಗುಣ, ಮುದ್ರಣದ ಬಗೆ, ಇವು ಉತ್ತರದತ್ತ ಒಯ್ಯುತ್ತವೆ.

ಮುದ್ರಣದ ಬಗೆ ತಿಳಿಯಲು ಒಂದು ಭೂತಗನ್ನಡಿ ಸಾಕು. ಮೂಲ ಪೋಸ್ಟರ್‌ನಲ್ಲಿ ಛಾಯಾಚಿತ್ರದ ಭಾಗ ಚುಕ್ಕಿಗಳಿಂದ ಕೂಡಿದ್ದರೂ ಅಕ್ಷರಗಳು ಸಾಮಾನ್ಯವಾಗಿ ಗಟ್ಟಿ ಬಣ್ಣದಲ್ಲಿ, ಚೂಪಾದ ಅಂಚಿನಲ್ಲಿ ಇರುತ್ತವೆ. ಹಳೆಯ ಪೋಸ್ಟರನ್ನು ಸ್ಕ್ಯಾನ್ ಮಾಡಿ ಮರುಮುದ್ರಿಸಿದಾಗ ಅಕ್ಷರ, ಗೆರೆ, ಮಡಿಕೆಯ ಗುರುತು ಎಲ್ಲವೂ ಚುಕ್ಕಿಗಳಾಗಿ ಒಡೆದು ಕಾಣುತ್ತವೆ. ಮಡಿಕೆ ಕಣ್ಣಿಗೆ ಕಂಡು, ಬೆರಳಿಗೆ ಸಿಗದಿದ್ದರೆ ಅದು ಮಡಿಕೆಯ ಚಿತ್ರ ಮಾತ್ರ.

ತಪ್ಪು ಕಲ್ಪನೆ: ಮಡಿಕೆ ಬಿದ್ದದ್ದು ಕಳಪೆ, ಸುರುಳಿ ಸುತ್ತಿಟ್ಟದ್ದೇ ಅಸಲಿ.

ಸತ್ಯ: ಅಮೆರಿಕದ 27x41 ಅಂಗುಲದ ಪೋಸ್ಟರ್‌ಗಳು 1980ರ ದಶಕದ ಆರಂಭದವರೆಗೂ ಬಹುಪಾಲು ಮಡಿಸಿಯೇ ಹೊರಬೀಳುತ್ತಿದ್ದವು. 1950ರ ಪೋಸ್ಟರ್‌ಗೆ ಮಡಿಕೆಯ ಗುರುತೇ ಇಲ್ಲದಿದ್ದರೆ ಸಂತೋಷಕ್ಕಿಂತ ಮೊದಲು ಅನುಮಾನ ಬರಬೇಕು. ಬಟ್ಟೆಗೆ ಅಂಟಿಸಿ ದುರಸ್ತಿ ಮಾಡುವುದು ಒಪ್ಪಿತ ಪದ್ಧತಿಯೇ. ಆದರೆ ಅದೇ ಬಟ್ಟೆ ಹಿಂಬದಿಯ ಕಾಗದವನ್ನು ಮರೆಮಾಡುತ್ತದೆ ಎಂಬುದನ್ನು 2009ರ ಸುಮಾರಿಗೆ ಬಯಲಾದ ಯೂನಿವರ್ಸಲ್ ಭಯಾನಕ ಚಿತ್ರಗಳ ನಕಲಿ ಪೋಸ್ಟರ್ ಹಗರಣ ಎಲ್ಲರಿಗೂ ಕಲಿಸಿತು.

ತಪ್ಪು ಕಲ್ಪನೆ: ‘ಇರುವುದು ಒಂದೇ ಪ್ರತಿ’ ಎಂದರೆ ಜಗತ್ತಿನಲ್ಲಿ ಇನ್ನೊಂದಿಲ್ಲ.

ಸತ್ಯ: ಅದು ಈವರೆಗೆ ಕಂಡವರ ಲೆಕ್ಕ, ಅಷ್ಟೇ. ಪೆನ್ಸಿಲ್ವೇನಿಯಾದ ಬರ್ವಿಕ್ ಊರಿನ ಮನೆಯೊಂದರ ಅಟ್ಟದಲ್ಲಿ ಒಂದರ ಮೇಲೊಂದು ಅಂಟಿಕೊಂಡಿದ್ದ ಪೋಸ್ಟರ್‌ಗಳ ಅಟ್ಟಿ ಸಿಕ್ಕಿತು. ಬಿಡಿಸಿ ನೋಡಿದರೆ ಒಳಗೆ 1931ರ ‘ಡ್ರಾಕುಲಾ’, ‘ಲಿಟಲ್ ಸೀಸರ್’ನಂಥವು. 2012ರಲ್ಲಿ 33 ಪೋಸ್ಟರ್‌ಗಳು ಐದು ಲಕ್ಷ ಡಾಲರ್‌ಗೂ ಮೀರಿ ಹರಾಜಾದವು. ನಾಶಕ್ಕೆ ಕಾರಣವಾಗುವ ಅಂಟೇ ಇಲ್ಲಿ ಅವನ್ನು ಕಾಪಾಡಿತ್ತು. ಇಂಥ ಒಂದು ಅಟ್ಟಿ ಸಿಕ್ಕ ದಿನ ಎಷ್ಟೋ ‘ಏಕೈಕ’ ಪ್ರತಿಗಳ ಲೆಕ್ಕ ತಲೆಕೆಳಗಾಗುತ್ತದೆ.

ಹಾಗಾಗಿ ಮಾರುವವರನ್ನು ‘ಎಷ್ಟು ಅಚ್ಚಾಗಿತ್ತು’ ಎಂದು ಕೇಳುವುದು ವ್ಯರ್ಥ. ಏನಾದರೊಂದು ಸಂಖ್ಯೆ ಬಂದೇ ಬರುತ್ತದೆ. ಯಾವ ಬಿಡುಗಡೆಯದು, ಯಾವ ಅಳತೆಯದು, ಹಿಂಬದಿ ನೋಡಬಹುದೇ, ಕಳೆದ ಹತ್ತಿಪ್ಪತ್ತು ವರ್ಷಗಳ ಹರಾಜುಗಳಲ್ಲಿ ಇದೇ ಮುದ್ರಣ ಎಷ್ಟು ಸಲ ಬಂದಿದೆ ಎಂದು ಕೇಳಿ. ಹರಾಜು ಸಂಸ್ಥೆಗಳ ಹಳೆಯ ಫಲಿತಾಂಶಗಳು ಯಾರು ಬೇಕಾದರೂ ನೋಡಬಹುದಾದ ದಾಖಲೆ. ಭಾರತೀಯ ಚಿತ್ರಗಳಿಗೆ ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿರುವ ಪೋಸ್ಟರ್‌ಗಳು ಹೋಲಿಕೆಗೆ ಒದಗುತ್ತವೆ. ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ ಮೇಲೂ ಪೋಸ್ಟರ್ ಅಪರೂಪವೆನಿಸಿದರೆ, ಆಮೇಲೆ ಬೆಲೆಯ ಮಾತಾಡಬಹುದು.