ಚುಚ್ಚುವ ಮೊದಲು ಒಂದು ಮಾತು

ಸಂತೇಬೆನ್ನೂರು ಸೀಮೆಯಲ್ಲಿ ಐವತ್ತೈದು ದಾಟಿದವರ ತೋಳಿನ ಮೇಲೆ ನಾಣ್ಯದಗಲದ ಕಲೆ ಇನ್ನೂ ಕಾಣಸಿಗುತ್ತದೆ. ಅದು ಸಿಡುಬಿನ ದಾಕಿನ ಗುರುತು. ಬಹುಕಾಲ ದಾಕು ಹಾಕುವವರ ಕೈಯಲ್ಲಿದ್ದದ್ದು ಹಲ್ಲುಳ್ಳ ಪುಟ್ಟ ಬಿಲ್ಲೆಯ ಸಾಧನ. ಅದನ್ನು ಚರ್ಮಕ್ಕೆ ಒತ್ತಿ ತಿರುವುತ್ತಿದ್ದರು. 1960ರ ದಶಕದ ಕೊನೆಯ ಹೊತ್ತಿಗೆ ಕವಲು ಸೂಜಿ ಬಂದ ಮೇಲೆ ಆ ಹಿಂಸೆ ಕಡಿಮೆಯಾಯಿತು. ದಾಕಿನವರು ಬಂದರೆಂದರೆ ಮಕ್ಕಳು ಹಿತ್ತಲಿಗೆ ಓಡುವುದು, ದೊಡ್ಡವರು ರಟ್ಟೆ ಹಿಡಿದು ಎಳೆತರುವುದು ಮಾಮೂಲಾಗಿತ್ತು.

ವಿಚಿತ್ರವೆಂದರೆ, ಇದಕ್ಕೂ ಒಂದೂವರೆ ಶತಮಾನದ ಹಿಂದೆ ಮೈಸೂರು ಅರಮನೆ ಹೆಚ್ಚು ನಾಜೂಕಿನ ದಾರಿ ಹಿಡಿದಿತ್ತು. 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬರೆದ ಚಿತ್ರವೊಂದರಲ್ಲಿ ರಾಣಿಯೊಬ್ಬಳು ಸೆರಗು ಸರಿಸಿ ತೋಳು ತೋರಿಸುತ್ತಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ಪತ್ನಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ದಾಕು ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರರು ಗುರುತಿಸಿದ್ದಾರೆ. ಗದರಿಕೆಯಿಲ್ಲ, ‘ನಾನೂ ಹಾಕಿಸಿಕೊಂಡಿದ್ದೇನೆ’ ಎಂಬ ಭರವಸೆಯಷ್ಟೇ.

ಸರ್ಕಾರದ ವಿಸ್ತೃತ ಲಸಿಕೆ ಕಾರ್ಯಕ್ರಮ 1978ರಲ್ಲಿ ಶುರುವಾಗಿ 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಯಿತು. ಆಗಿನದು ಗಾಜಿನ ಸಿರಿಂಜು, ಕುದಿಸಿ ಕುದಿಸಿ ಮತ್ತೆ ಬಳಸುವ ಸೂಜಿ. ಬಳಸಿದಷ್ಟೂ ಅದರ ಮೊನೆ ಮೊಂಡಾಗುತ್ತಿತ್ತು. ಬಾಗಿಲಾಚೆ ಉದ್ದನೆಯ ಸಾಲು. ನರ್ಸಮ್ಮನ ಕೈ ಒರಟು ಎಂದು ಊರು ಆಡಿಕೊಂಡಿತು, ಆದರೆ ಅರ್ಧ ತಪ್ಪು ಸೂಜಿಯದ್ದು, ಇನ್ನರ್ಧ ಸಾಲಿನದ್ದು. ಒಮ್ಮೆ ಬಳಸಿದರೆ ತಾನೇ ಲಾಕ್ ಆಗುವ ಸಿರಿಂಜು ಬಂದದ್ದು 2005ರ ಆಸುಪಾಸಿನಲ್ಲಿ.

ಸಾಧನ ಬದಲಾಯಿತು, ಮಗುವಿನ ಮುಂದೆ ಆಡುವ ಒರಟು ಮಾತು ಬದಲಾಗಲಿಲ್ಲ. ಅದಕ್ಕೆ ಕಾರಣ ಇನ್ನೂ ಆಳದ್ದು: ಕೂಸಿಗೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ ಎಂದು ವೈದ್ಯಲೋಕವೇ ನಂಬಿತ್ತು. ಮುಂದುವರಿದ ದೇಶಗಳ ಆಸ್ಪತ್ರೆಗಳಲ್ಲೂ ನವಜಾತ ಶಿಶುಗಳಿಗೆ ತೀರಾ ಕಡಿಮೆ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಇಂದೋರಿನಲ್ಲಿ ಓದಿ ಆಕ್ಸ್‌ಫರ್ಡ್‌ಗೆ ಹೋದ ಕೆ.ಜೆ.ಎಸ್. ಆನಂದ್ 1987ರಲ್ಲಿ ಪ್ರಕಟಿಸಿದ ಸಂಶೋಧನೆಗಳು ಆ ನಂಬಿಕೆಯ ಬುಡ ಅಲುಗಿಸಿದವು. ಹತ್ತು ವರ್ಷದ ಬಳಿಕ ಟೊರಾಂಟೊದ ಆನಾ ಟಾಡಿಯೊ ತಂಡ ಇನ್ನೊಂದು ಸಂಗತಿ ಹೊರಗಿಟ್ಟಿತು: ಅರಿವಳಿಕೆಯಿಲ್ಲದೆ ಸುನ್ನತಿಯಾದ ಗಂಡುಕೂಸುಗಳು ತಿಂಗಳುಗಳ ನಂತರ ಲಸಿಕೆ ಹಾಕಿಸಿಕೊಳ್ಳುವಾಗ ಉಳಿದವರಿಗಿಂತ ಹೆಚ್ಚು ಅತ್ತವು. ಮನಸ್ಸು ಮರೆತರೂ ಮೈ ಮರೆಯುವುದಿಲ್ಲ!

ಈ ಎಳೆ ಹಿಡಿದೇ ವಿಶ್ವ ಆರೋಗ್ಯ ಸಂಸ್ಥೆ 2015ರ ಸೆಪ್ಟೆಂಬರ್‌ನಲ್ಲಿ ಲಸಿಕೆಯ ನೋವು ತಗ್ಗಿಸುವ ಬಗ್ಗೆ ತನ್ನ ನಿಲುವು ಪ್ರಕಟಿಸಿತು. ಮಗು ತಾಯಿಯ ತೊಡೆಯ ಮೇಲಿರಲಿ; ಎದೆಹಾಲು ಕುಡಿಯುವ ಕೂಸಾದರೆ ಆಗಲೋ ಸ್ವಲ್ಪ ಮುಂಚೆಯೋ ಹಾಲೂಡಿಸಲಿ; ಸೂಜಿ ಹಾಕಿದ ಮೇಲೆ ರಕ್ತ ಬರುತ್ತದೋ ಎಂದು ಹಿಂದಕ್ಕೆಳೆದು ನೋಡುವುದು ಬೇಡ; ಹೆಚ್ಚು ನೋಯುವ ಲಸಿಕೆ ಕೊನೆಗಿರಲಿ. ಚುಚ್ಚಿದ ಜಾಗ ಉಜ್ಜುವುದನ್ನೂ ಅದು ಒಪ್ಪುವುದಿಲ್ಲ. ನಮ್ಮ ಅಜ್ಜಿಯರಿಗೆ ಇದನ್ನು ಹೇಳುವವರಾರು? ನನಗೆ ಹಿಡಿಸಿದ್ದು ಮಾತಿನ ಸಲಹೆ: ಸಿಬ್ಬಂದಿ ಶಾಂತವಾಗಿರಬೇಕು, ಹೆದರಿಸಬಾರದು, ಸುಳ್ಳು ಸಮಾಧಾನವನ್ನೂ ಹೇಳಬಾರದು. ಅಂದರೆ ನಮ್ಮ ‘ಏನೂ ಆಗಲ್ಲ ಕಣಪ್ಪ, ಇರುವೆ ಕಚ್ಚಿದಂಗೆ’ ಕೂಡ ಸಲ್ಲದು. ಇರುವೆ ಎಂದು ನಂಬಿ ತೊಡೆ ಕೊಟ್ಟ ಮಗು ಮುಂದಿನ ಸಲ ನಂಬುವುದಿಲ್ಲ.

ಸಂತೇಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಗುರುವಾರವೆಂದರೆ ಲಸಿಕೆಯ ದಿನ. ನೀಲಿ ಕ್ಯಾರಿಯರ್‌ನಲ್ಲಿ ಐಸ್‌ಪ್ಯಾಕ್ ನಡುವೆ ಕೂತ ಬಾಟಲಿಗಳು, ಪಕ್ಕದಲ್ಲಿ ಸೂಜಿ ಕತ್ತರಿಸುವ ಕಟ್ಟರ್, ನೆಲದ ಮೇಲೆ ತಾಯಿ ಕಾರ್ಡುಗಳ ರಾಶಿ. ಒಂದೂವರೆ ತಿಂಗಳ ಕೂಸಿಗೆ ಬಾಯಿಗೆ ಹನಿ ಬಿಟ್ಟ ಮೇಲೆ ಮೂರು ಚುಚ್ಚು: ಎರಡು ತೊಡೆಗೂ ಒಂದೊಂದು, ಬಲತೋಳಿಗೊಂದು. ರೋಟಾವೈರಸ್ ಹನಿ ಸಿಹಿಯಿರುವುದರಿಂದ ಅದು ಮೊದಲು ಹೋದರೆ ನೋವಿಗೂ ಒಳ್ಳೆಯದು. ಆಮೇಲೆ ಸಿಸ್ಟರ್ ನಾಲ್ಕು ಮಾತು ಹೇಳಲೇಬೇಕೆಂದು ನಿಯಮವಿದೆ. ಯಾವ ಲಸಿಕೆ, ಯಾವ ರೋಗಕ್ಕೆ; ಮುಂದಿನದು ಯಾವಾಗ, ಎಲ್ಲಿ; ಜ್ವರ, ಬಾವು ಬಂದರೆ ಏನು ಮಾಡಬೇಕು; ಕಾರ್ಡ್ ಜೋಪಾನ. ತಾಯಿ, ಮಗುವನ್ನು ಅರ್ಧ ಗಂಟೆ ಅಲ್ಲೇ ಕೂರಿಸಿಕೊಳ್ಳಬೇಕು. ಅವಸರದ ದಿನ ಮೊದಲು ತಪ್ಪಿಹೋಗುವುದು ಈ ನಾಲ್ಕು ಮಾತೇ.

ಈ ಸಿಸ್ಟರ್‌ಗಳಿಗೀಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ ಎಂಬ ಉದ್ದನೆಯ ಹೆಸರಿದೆ. ರಿಜಿಸ್ಟರ್, ಆನ್‌ಲೈನ್ ದಾಖಲೆ, ಸರ್ವೆಗಳೂ ಅದರ ಜೊತೆಗೇ ಬಂದಿವೆ. ಅಷ್ಟರ ನಡುವೆ ನಗುಮುಖ ಕೇಳುವ ನಾವು, ಮನೆಯಲ್ಲಿ ಊಟ ಬಿಟ್ಟ ಮಗುವಿಗೆ ‘ಸೂಜಿ ಚುಚ್ಚಿಸ್ತೀನಿ ನೋಡು’ ಎಂದು ಅವರನ್ನೇ ಗುಮ್ಮ ಮಾಡುತ್ತೇವೆ. ಆಸ್ಪತ್ರೆಯ ಒರಟು ಮಾತಿನಲ್ಲಿ ಮನೆಯವರ ಪಾಲೂ ಇದೆ ಎನ್ನಲು ನನಗೆ ಸಂಕೋಚವಿಲ್ಲ.

ಮುಂದಿನ ಗುರುವಾರ ಮಗುವನ್ನು ಬೇರೆಯವರ ಕೈಗೆ ಕೊಡದೆ ನಿಮ್ಮ ತೊಡೆಯ ಮೇಲೇ ಕೂರಿಸಿಕೊಳ್ಳಿ. ಮಾತು ತಿಳಿಯುವ ವಯಸ್ಸಿನದಾದರೆ ನೋವಾಗುತ್ತದೆ ಎಂದೇ ಹೇಳಿ. ಆ ನಾಲ್ಕು ಮಾತು ಸಿಸ್ಟರ್ ಹೇಳದಿದ್ದರೆ ನೀವೇ ಕೇಳಿ ತಿಳಿದುಕೊಳ್ಳಿ.