ಅಟ್ಟದ ಮೇಲಿನ ಟ್ರಂಕು, ಭಾನುವಾರದ ಬಜಾರು

ನಿಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಟ್ರಂಕು ಇದೆಯೇ? ಇದ್ದರೆ ಅದನ್ನು ಕೊನೆಯ ಸಲ ತೆರೆದದ್ದು ಯಾವಾಗ? ಮನೆಗೆ ಸುಣ್ಣ ಬಳಿಸುವಾಗ ಕೆಳಗಿಳಿಸಿ, ಧೂಳು ಒರೆಸಿ, ಮುಚ್ಚಳ ತೆಗೆಯದೆಯೇ ಮತ್ತೆ ಮೇಲಕ್ಕೇರಿಸಿದ್ದೀರಲ್ಲವೇ? ನಾನೂ ಅದನ್ನೇ ಮಾಡುತ್ತಿದ್ದೆ. ಕಳೆದ ಜುಲೈಯಲ್ಲಿ ಮಗಳ ಮಕ್ಕಳಿಬ್ಬರು ಕೊಲ್ಲಿ ದೇಶದಿಂದ ರಜೆಗೆಂದು ಬೆಂಗಳೂರಿಗೆ ಬಂದ ಮೇಲೆ ಅದು ಬದಲಾಯಿತು.

ಮಕ್ಕಳು ಬಂದ ಮೊದಲ ಮೂರು ದಿನ ಸಂಭ್ರಮವೋ ಸಂಭ್ರಮ. ನಾಲ್ಕನೆಯ ದಿನಕ್ಕೆ ಹುಡುಗ ಸೋಫಾದ ಒಂದು ಮೂಲೆ, ಹುಡುಗಿ ಇನ್ನೊಂದು ಮೂಲೆ. ಇಬ್ಬರ ಕೈಯಲ್ಲೂ ಮೊಬೈಲು. ಹೊರಗೆ ಜಿನುಗು ಮಳೆ. ನಾನು ಏನೇ ಕೇಳಿದರೂ "ಹ್ಞಾಂ ನಾನಿ", "ನಹೀ ನಾನಿ" ಎಂಬ ಎರಡೇ ಉತ್ತರ. ವರ್ಷಕ್ಕೊಮ್ಮೆ ಸಿಗುವ ನಲವತ್ತು ದಿನಗಳು ಹೀಗೆಯೇ ಕಳೆದುಹೋದರೆ ಎಂಬ ಸಂಕಟ ನನ್ನದು. ಮಕ್ಕಳನ್ನು ಗದರಿ ಮೊಬೈಲು ಕಿತ್ತುಕೊಳ್ಳುವ ವಯಸ್ಸು ನನ್ನದಲ್ಲ. ಗದರುವುದು ತಾಯಂದಿರಿಗೇ ಇರಲಿ. ಕೊನೆಗೆ ಕೆಲಸದ ಹುಡುಗನಿಗೆ ಹೇಳಿ ಟ್ರಂಕನ್ನು ಇಳಿಸಿದೆ.

ಏನೇನಿತ್ತೆಂದು ಕೇಳುತ್ತೀರಾ? ನನ್ನ ಮದುವೆಯ ದುಪ್ಪಟ್ಟಾದಿಂದ ಬಿಚ್ಚಿಟ್ಟ ಗೋಟಾ ಪಟ್ಟಿಗಳು. ಬಿಸ್ಕತ್ತಿನ ಡಬ್ಬಿಯ ತುಂಬ ಗುಂಡಿಗಳು. ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿಟ್ಟ ಈದ್ ಕಾರ್ಡುಗಳು. ಒಂದು ಚಿಕ್ಕ ಚೀಲದಲ್ಲಿ ಹಳೆಯ ನಾಣ್ಯಗಳು. ನನ್ನ ಯಜಮಾನರ ನಾಲ್ಕು ಹತ್ತಿಯ ಷರಟುಗಳು. ತಳದಲ್ಲಿ ನನ್ನ ಅಮ್ಮೀಜಾನ್‌ರ ಹಿತ್ತಾಳೆಯ ಅಡಕತ್ತರಿ.

ಮಕ್ಕಳ ಕೈ ಮೊದಲು ಹೋದದ್ದು ನಾಣ್ಯಗಳ ಚೀಲಕ್ಕೆ. ನಡುವೆ ದೊಡ್ಡ ತೂತಿರುವ ಒಂದು ಪೈಸೆ ಕಂಡು ಹುಡುಗ ಬೆರಗಾದ. 1943ರಿಂದ 1947ರವರೆಗೆ ಹೊರಬಂದ ನಾಣ್ಯ ಅದು. ಯುದ್ಧಕಾಲದಲ್ಲಿ ಲೋಹ ಉಳಿಸಲೆಂದು ನಡುವೆ ತೂತು ಬಿಟ್ಟಿದ್ದರು. ಆಗ ನಾಲ್ಕು ಪೈಸೆಗೆ ಒಂದಾಣೆ, ಹದಿನಾರಾಣೆಗೆ ಒಂದು ರೂಪಾಯಿ, ಅಂದರೆ ರೂಪಾಯಿಗೆ 64 ಪೈಸೆ ಎಂದೆ. "ನಾನಿ, ನಿಮ್ಮ ಲೆಕ್ಕ ತಪ್ಪು, ನೂರು ಪೈಸೆ" ಎಂದ. 1957ರ ಏಪ್ರಿಲ್ 1ರಿಂದ ನೂರು ಪೈಸೆಯಾಯಿತು, ಅದಕ್ಕೆ ಮುಂಚೆ ಅರವತ್ನಾಲ್ಕೇ ಎಂದು ಕಾಗದ ಪೆನ್ಸಿಲು ಹಿಡಿದು ಲೆಕ್ಕ ಮಾಡಿ ತೋರಿಸಬೇಕಾಯಿತು. ಚೌಕಾಕಾರದ ಒಂದು ಪೈಸೆ, ಆರು ಮೂಲೆಯ ಮೂರು ಪೈಸೆ, ತಾವರೆಯಿರುವ ಹಳದಿ ಇಪ್ಪತ್ತು ಪೈಸೆ ಎಲ್ಲವನ್ನೂ ಜೋಡಿಸಿ, ಕಾಗದ ಇಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆಯುವುದನ್ನು ಕಲಿಸಿದೆ. ಆ ಇಪ್ಪತ್ತು ಪೈಸೆಯಲ್ಲಿ ಚಿನ್ನ ಬೆರೆತಿದೆ ಎಂಬ ಗಾಳಿಸುದ್ದಿಗೆ ನಮ್ಮಲ್ಲಿ ಎಷ್ಟು ಮಂದಿ ಹೆಂಗಸರು ಅದನ್ನು ಕೂಡಿಟ್ಟಿದ್ದೆವು, ನೆನಪಿದೆಯೇ? ಚಿನ್ನವೂ ಇಲ್ಲ, ಏನೂ ಇಲ್ಲ.

ಇಲ್ಲೊಂದು ಮಾತು ಹೇಳಿಬಿಡುತ್ತೇನೆ. ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎಂದು ಫೋನು ಬಂದರೆ ನಂಬಬೇಡಿ. ರಿಸರ್ವ್ ಬ್ಯಾಂಕಿನ ಹೆಸರು ಹೇಳಿಕೊಂಡೇ ಇಂತಹ ಮೋಸ ನಡೆಯುತ್ತಿದೆಯೆಂದು 2021ರಲ್ಲಿ ಆ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ಇನ್ನು, ನಾಣ್ಯ ಹೊಳೆಯಲೆಂದು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಸಂಗ್ರಹಿಸುವವರು ಉಜ್ಜಿದ ನಾಣ್ಯಕ್ಕೆ ಕಡಿಮೆ ಬೆಲೆ ಕಟ್ಟುತ್ತಾರೆ.

ಈದ್ ಕಾರ್ಡುಗಳ ಮೇಲೆ ಹುಡುಗಿಗೆ ಆಸೆ. ಹಿಂದೆ ರಮಝಾನಿನ ಕೊನೆಯ ದಿನಗಳಲ್ಲಿ ಅಂಗಡಿಯ ಮುಂದೆ ದಾರಕ್ಕೆ ತೂಗುಹಾಕಿರುತ್ತಿದ್ದರಲ್ಲ, ಅಂಥವೇ. ಹಿಂದುಗಡೆ ಅಕ್ಕನ, ಗೆಳತಿಯರ ಅಕ್ಷರ. ಅವುಗಳನ್ನು ಕತ್ತರಿಸಲು ನಾನು ಒಪ್ಪಲಿಲ್ಲ. ಹಳೆಯ ಮದುವೆ ಕರೆಯೋಲೆಗಳು ಯಾರ ಮನೆಯಲ್ಲಿಲ್ಲ? ಅವುಗಳ ದಪ್ಪ ಕಾಗದ, ಚಿನ್ನದ ಬಣ್ಣದ ಅಂಚು, ನನ್ನ ಗೋಟಾ ಪಟ್ಟಿ, ಮನೆಯಲ್ಲೇ ಕಾಯಿಸಿದ ಮೈದಾ ಅಂಟು ಇಷ್ಟರಲ್ಲಿ ಅವಳು ಹನ್ನೊಂದು ಕಾರ್ಡು ಮಾಡಿದಳು. ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುವ ರೂಢಿ ಕೆಲವೆಡೆ ಇದೆ. ಅದು ವಿಷ, ಮಕ್ಕಳ ಕೆಲಸಕ್ಕೆ ಖಂಡಿತ ಬೇಡ. ಎರಡು ದಿನದಲ್ಲಿ ಅಂಟು ಹುಳಿ ಬಂದರೆ ಚೆಲ್ಲಿ ಹೊಸದಾಗಿ ಕಾಯಿಸಿಕೊಳ್ಳಿ, ಅಷ್ಟೇ.

ನಾನಾರ ಷರಟು

ಷರಟುಗಳ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಯಜಮಾನರು ತೀರಿಕೊಂಡಾಗ ಈ ಹುಡುಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಬಟ್ಟೆಗಳನ್ನೆಲ್ಲ ಬೇಕಾದವರಿಗೆ ಕೊಟ್ಟರೂ ನಾಲ್ಕನ್ನು ಮಾತ್ರ ಕೊಡಲಾಗದೆ ಟ್ರಂಕಿಗೆ ಹಾಕಿದ್ದೆ. "ಇವನ್ನು ಇಟ್ಟುಕೊಂಡು ಏನು ಮಾಡುತ್ತೀರಿ?" ಎಂದು ಹುಡುಗ ಸಹಜವಾಗಿಯೇ ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಕಾಲರಿನ ಬಳಿ ನುಸಿ ಹಿಡಿಯಲು ತೊಡಗಿತ್ತು.

ನಮ್ಮ ಉತ್ತರ ಕರ್ನಾಟಕದ ಸಹೋದರಿಯರಿಗೆ ಕೌದಿ ಎಂದರೆ ಹೇಳಿಕೊಡಬೇಕಾಗಿಲ್ಲ. ಹಳೆಯ ಸೀರೆ, ಲುಂಗಿ, ಅಂಗಿಗಳ ತುಂಡುಗಳನ್ನು ಜೋಡಿಸಿ ಹೊಲಿಯುವ ಹೊದಿಕೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಂಗಸರ ಕೌದಿಗಳಂತೂ ಇಂದು ದೇಶವಿದೇಶಗಳ ಪ್ರದರ್ಶನಗಳಲ್ಲಿವೆ. ಆ ಸಿದ್ದಿಯರಲ್ಲಿ ಮುಸ್ಲಿಮರೂ ಇದ್ದಾರೆ, ಹಿಂದೂಗಳೂ ಕ್ರೈಸ್ತರೂ ಇದ್ದಾರೆ; ಕೌದಿ ಎಲ್ಲರದೂ. ಅವರು ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿನವರೆಗೆ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ‘ಫುಲ’ ಇಡುತ್ತಾರೆ. ಅದಿಲ್ಲದಿದ್ದರೆ ಕೌದಿ ಪೂರ್ತಿಯಾಯಿತೆಂದು ಒಪ್ಪುವುದಿಲ್ಲ.

ನಾವು ಅಷ್ಟು ದೊಡ್ಡದಕ್ಕೆ ಕೈ ಹಾಕಲಿಲ್ಲ. ಹುಡುಗನ ಅಳತೆಗೆ ಒಂದು ಜಾನಮಾಝ್ ಮಾಡೋಣವೆಂದೆ. ಷರಟುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಒಗೆದು, ಮೋಡ ಸರಿದ ಎರಡು ದಿನ ಬಿಸಿಲಿಗೆ ಹಾಕಿದೆವು. ಹಳೆಯ ಬಟ್ಟೆಯಲ್ಲಿ ಹುಳುವಿನ ಮೊಟ್ಟೆ ಉಳಿದಿರಬಾರದು. ಮೊದಲ ಕತ್ತರಿ ಹಾಕುವಾಗ ನನ್ನ ಕೈ ನಡುಗಿತು. ಹುಡುಗನ ಕೈಗೆ ಕತ್ತರಿ ಕೊಟ್ಟೆ, ಗೆರೆ ಮಾತ್ರ ನಾನೆಳೆದೆ. ಒಂದು ಗೇಣಿನ ಚೌಕಗಳು, ಕೆಳಗೆ ನನ್ನ ಹಳೆಯ ವಾಯಿಲ್ ಸೀರೆಯ ಎರಡು ಪದರ. ದಪ್ಪ ದಾರ, ಉದ್ದ ಕಣ್ಣಿನ ದೊಡ್ಡ ಸೂಜಿ, ಸಾದಾ ಓಟದ ಹೊಲಿಗೆ. ಎಂಟು ವರ್ಷದ ಗಂಡುಹುಡುಗ ಸೂಜಿ ಹಿಡಿಯುವುದನ್ನು ಕಂಡು ನೆರೆಮನೆಯಾಕೆ ನಕ್ಕರು. ಚಿಕ್ಕಪೇಟೆಯಲ್ಲಿ ಷೇರ್ವಾನಿ ಹೊಲಿಯುವವರೆಲ್ಲ ಗಂಡಸರೇ ಅಲ್ಲವೇ ಎಂದೆ, ಸುಮ್ಮನಾದರು.

ಒಂದು ಚೌಕದಲ್ಲಿ ಜೇಬು ಬಂದುಬಿಟ್ಟಿತು. ಬಿಚ್ಚಲು ಹೋದರೆ ಹುಡುಗ ಬಿಡಲಿಲ್ಲ. "ನಾನಾ ಈ ಜೇಬಿನಲ್ಲಿ ಏನಿಡುತ್ತಿದ್ದರು?" ಎಂದು ಕೇಳಿದ. ಪೆನ್ನು, ಕನ್ನಡಕ, ಮಕ್ಕಳು ಕೇಳಿದರೆ ಕೊಡಲೆಂದು ಕಲ್ಲುಸಕ್ಕರೆಯ ಪೊಟ್ಟಣ ಎಂದೆ. ಹೊಲಿಗೆ ನಡೆದ ಹನ್ನೆರಡು ದಿನವೂ ಹೀಗೇ ಪ್ರಶ್ನೆಗಳು. ಆರು ವರ್ಷದಲ್ಲಿ ಯಾರ ಬಳಿಯೂ ಇಷ್ಟು ಮಾತನಾಡಿರಲಿಲ್ಲ ನಾನು. ಹೊಲಿಗೆ ಅಂಕುಡೊಂಕು, ಹಿಂಬದಿ ಗಂಟುಗಳ ರಾಶಿ. ನಾನೇನೂ ತಿದ್ದಲಿಲ್ಲ. ಜೇಬಿನಲ್ಲಿ ಈಗ ಅವನ ತಸ್ಬೀಹ್ ಇದೆ.

ಪಾನ್‌ದಾನ್ ಎಲ್ಲಿ?

ಅಡಕತ್ತರಿಯ ಕಥೆ ಹೇಳುವುದು ಉಳಿಯಿತು. ಹುಡುಗಿ ಅದನ್ನು ತಿರುವಿ ನೋಡಿ, "ಇದನ್ನು ಇಡುವ ಡಬ್ಬಿ ಇರಬೇಕಲ್ಲ?" ಎಂದಳು. ಇತ್ತು. ಗುಮ್ಮಟದಂತಹ ಮುಚ್ಚಳದ ತಾಮ್ರದ ಪಾನ್‌ದಾನ್. ಮೇಲೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆಗೆ ತಟ್ಟೆ, ಕೆಳಗೆ ಸುಣ್ಣ, ಕಾಚು, ಅಡಕೆ, ಏಲಕ್ಕಿ, ಲವಂಗಕ್ಕೆ ಪುಟ್ಟ ಪುಟ್ಟ ಕಟೋರಿಗಳು. ಅಮ್ಮೀಜಾನ್ ತೀರಿದ ಮೇಲೆ ನಮ್ಮ ಮನೆಯಲ್ಲಿ ಪಾನ್ ತಿನ್ನುವವರಿರಲಿಲ್ಲ. ಬೀದಿಯಲ್ಲಿ ಹಳೆ ಪಾತ್ರೆಗೆ ಹೊಸ ಸ್ಟೀಲು ಎಂದು ಕೂಗುತ್ತಾ ಬಂದವನಿಗೆ ಅದನ್ನೂ ಎರಡು ದೇಗ್ಚಿಗಳನ್ನೂ ಕೊಟ್ಟು ಸ್ಟೀಲಿನ ಡಬ್ಬಿಗಳ ಸೆಟ್ ತೆಗೆದುಕೊಂಡೆ. ಜಾಗ ಖಾಲಿಯಾಯಿತೆಂದು ಖುಷಿಯೂ ಪಟ್ಟೆ. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟು ಮಂದಿ ಇದೇ ವ್ಯಾಪಾರ ಮಾಡಿದ್ದೀರೋ! ಹುಡುಗಿ ಬೈಯಲಿಲ್ಲ. "ಹುಡುಕೋಣ" ಎಂದಳು.

ಹಾಗೆ ನಾವು ಭಾನುವಾರದ ಬಜಾರಿಗೆ ಹೋದೆವು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆ, ಕೆ.ಆರ್. ಮಾರುಕಟ್ಟೆಯ ಆಸುಪಾಸಿನಲ್ಲಿ ನೆಲದ ಮೇಲೆ ಹರಡಿ ಮಾರುವ ಹಳೆಯ ಸಾಮಾನಿನ ಸಂತೆ. ಚೋರ್ ಬಜಾರ್ ಎಂದು ಜನ ತಮಾಷೆಗೆ ಕರೆಯುವುದೂ ಉಂಟು. ಬೆಳಗ್ಗೆ ಬೇಗ ಹೋದರೆ ನೂಕುನುಗ್ಗಲು ಕಡಿಮೆ. ಪರ್ಸು ಒಳಜೇಬಿನಲ್ಲಿರಲಿ, ಚಿಲ್ಲರೆ ಮಾತ್ರ ಕೈಯಲ್ಲಿರಲಿ, ಮಕ್ಕಳ ಕಾಲಿಗೆ ಗಟ್ಟಿ ಚಪ್ಪಲಿಯಿರಲಿ. ತುಕ್ಕುಹಿಡಿದ ಕಬ್ಬಿಣಕ್ಕೆ ಅಲ್ಲೇನೂ ಕೊರತೆಯಿಲ್ಲ.

ನಮ್ಮ ಬಳಿಯಿದ್ದ ದೊಡ್ಡ ಆಯುಧವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಒಂದು ಆಯಸ್ಕಾಂತ! ಹಿತ್ತಾಳೆ, ತಾಮ್ರ, ಕಂಚಿಗೆ ಅದು ಅಂಟುವುದಿಲ್ಲ. ಅಂಟಿದರೆ ಒಳಗೆ ಕಬ್ಬಿಣ, ಮೇಲೆ ಬರಿಯ ಲೇಪ. ‘ನೂರು ವರ್ಷದ ಹಿತ್ತಾಳೆ’ ಎಂದ ಹೂಜಿಯೊಂದಕ್ಕೆ ಹುಡುಗ ಆಯಸ್ಕಾಂತ ಹಿಡಿದ. ಟಕ್ಕನೆ ಅಂಟಿತು. ಮಾರುವವನು ನಕ್ಕುಬಿಟ್ಟ. ಅಂಟದಿದ್ದ ಮಾತ್ರಕ್ಕೆ ಹಳೆಯದೆಂದಲ್ಲ. ಹೊಸ ಹಿತ್ತಾಳೆಗೆ ಆಮ್ಲ ಹಚ್ಚಿ ಕಪ್ಪಾಗಿಸಿ ಹಳೆಯದೆಂದು ಮಾರುವವರಿದ್ದಾರೆ. ನಿಜವಾಗಿ ಬಳಸಿದ ಪಾತ್ರೆಯಲ್ಲಿ ಕೈ ಹಿಡಿಯುವ ಕಡೆ, ನೆಲಕ್ಕೆ ತಾಗುವ ಕಡೆ ಸವೆದಿರುತ್ತದೆ. ಎಲ್ಲ ಕಡೆ ಒಂದೇ ಸಮನೆ ಕಪ್ಪಿದ್ದರೆ ಸಂಶಯಪಡಿ.

ಬಿದರಿಯ ಒಂದು ಡಬ್ಬಿಯೂ ಕಣ್ಣಿಗೆ ಬಿತ್ತು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ಕಲಸಿ ಅದರಲ್ಲಿ ಕಾಯಿಸಿದಾಗ ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಬೆಲೆ ನಮ್ಮ ಕೈಗೆಟುಕುವಂತಿರಲಿಲ್ಲ. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಹುಣಸೆಹಣ್ಣು ಮುಟ್ಟಿಸಬೇಡಿ, ತೆಂಗಿನೆಣ್ಣೆ ಸವರಿ ಒಣಬಟ್ಟೆಯಿಂದ ಒರೆಸಿ ಸಾಕು.

ತಗಡಿನ ಹಳೆಯ ಆಟದ ಕಾರಿಗೆ ಹುಡುಗ ಹಟ ಹಿಡಿದ. ಕೊಡಿಸಲಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸವಿರುತ್ತದೆ, ಬಣ್ಣ ಉದುರುತ್ತಿರುವ ಆಟಿಕೆ ಮಕ್ಕಳ ಕೈಗೆ ಸಲ್ಲದು. ಬದಲಿಗೆ ಚನ್ನಪಟ್ಟಣದ ಅರಗಿನ ಬಣ್ಣದ ಹೊಸ ಬುಗುರಿ ಕೊಡಿಸಿ ಸಮಾಧಾನ ಮಾಡಿದೆ.

ನಿಜವಾದ ಪುರಾತನ ವಸ್ತು ಸಿಕ್ಕರೆ? ಅದಕ್ಕೆ 1972ರ ಕಾಯ್ದೆಯೊಂದಿದೆ. ನೂರು ವರ್ಷಕ್ಕಿಂತ ಹಳೆಯ ಕಲಾವಸ್ತು, ನಾಣ್ಯ, ಶಿಲ್ಪ ಮುಂತಾದವು ಅದರಡಿ ಬರುತ್ತವೆ. ಅವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ದೇಶದ ಹೊರಗೆ ಒಯ್ಯುವಂತಿಲ್ಲ. ಹಸ್ತಪ್ರತಿಗಳಿಗಾದರೆ 75 ವರ್ಷ ಸಾಕು. ಮನೆಯಲ್ಲಿ ಹಿರಿಯರ ಕೈಬರಹದ ಗ್ರಂಥಗಳಿದ್ದರೆ ಇದು ನೆನಪಿರಲಿ. ಮಗಳು ಮಕ್ಕಳ ಸೂಟ್‌ಕೇಸಿನಲ್ಲಿ ಏನಿಟ್ಟಳೆಂದು ನಾನು ಆ ಮೇಲೆ ಒಮ್ಮೆ ನೋಡಿಯೇ ಕಳುಹಿಸಿದ್ದು.

ಮೂರನೆಯ ಭಾನುವಾರ ಪಾನ್‌ದಾನ್ ಸಿಕ್ಕಿತು. ನಮ್ಮದಲ್ಲ ಬಿಡಿ. ಹಳೆಯ ಗಡಿಯಾರಗಳ ನಡುವೆ ಮಗುಚಿಬಿದ್ದಿತ್ತು. ತಾಮ್ರ, ಗುಮ್ಮಟದ ಮುಚ್ಚಳ, ಕೊಂಡಿ ಸಡಿಲ, ಒಂದು ಕಟೋರಿ ಕಾಣೆ. ಹುಡುಗಿ ಅದನ್ನೆತ್ತಿ ಅಡಕತ್ತರಿಯನ್ನು ಒಳಗಿಟ್ಟು ನೋಡಿದಳು, ಮನೆಯಿಂದಲೇ ತಂದಿದ್ದಳು ಕಳ್ಳಿ! ಅವಳ ಮುಖ ಅರಳಿದ್ದು ಕಂಡದ್ದೇ ತಡ, ಮಾರುವವನು ಬೆಲೆ ಇಳಿಸಲೇ ಇಲ್ಲ. ಚೌಕಾಸಿ ಮಾಡುವಾಗ ಮಕ್ಕಳನ್ನು ಎರಡು ಹೆಜ್ಜೆ ದೂರ ನಿಲ್ಲಿಸಿ ಎಂಬುದು ನನ್ನ ಅನುಭವ.

ಒಳಗಿನ ಕಲಾಯಿ ಪೂರ್ತಿ ಹೋಗಿತ್ತು. ಕಲಾಯಿ ಇಲ್ಲದ ತಾಮ್ರದಲ್ಲಿ ತಿನ್ನುವ ಪದಾರ್ಥ, ಅದರಲ್ಲೂ ಹುಳಿ, ಇಡಬಾರದೆಂದು ನಿಮಗೆ ಗೊತ್ತೇ ಇದೆ. ನಮ್ಮ ಓಣಿಯಲ್ಲಿ ಕಲಾಯಿಯವರ ಕೂಗು ಕೇಳಿ ಎಷ್ಟೋ ವರ್ಷವಾಯಿತು. ಪಾತ್ರೆ ಅಂಗಡಿಯವರನ್ನು ಕೇಳಿ ಕೇಳಿ ಶಿವಾಜಿನಗರದ ಕಡೆ ಒಬ್ಬರನ್ನು ಪತ್ತೆಹಚ್ಚಿದೆವು. ಪಾತ್ರೆಯನ್ನು ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಹಾಕಿದಾಗ ಬಿಳಿ ಹೊಗೆ ಎದ್ದಿತು. ತವರದ ತುಂಡು ತಾಗಿಸಿ ಹತ್ತಿಯಿಂದ ಸರ್ರನೆ ಒರೆಸಿದರೆ ಕಣ್ಣೆದುರೇ ಕೆಂಪು ಪಾತ್ರೆ ಬೆಳ್ಳಿಯಾಯಿತು. ಹೊಗೆ ತಾಗದಂತೆ ದೂರ ನಿಂತಿದ್ದ ಮಕ್ಕಳಿಬ್ಬರೂ ಚಪ್ಪಾಳೆ ತಟ್ಟಿದರು. ಆ ಹಿರಿಯರು ತಮ್ಮ ಮೊಮ್ಮಗನಿಗೂ ಇಷ್ಟು ಕುತೂಹಲವಿಲ್ಲವೆಂದು ಹೇಳಿ, ಕೊಂಡಿಯನ್ನು ಹಣ ಪಡೆಯದೆ ಬಿಗಿಮಾಡಿಕೊಟ್ಟರು.

ಆಗಸ್ಟ್ ಕೊನೆಗೆ ಮಕ್ಕಳು ಮರಳಿ ಹೋದರು. ಜಾನಮಾಝ್ ಹುಡುಗನ ಜೊತೆ ಹೋಯಿತು. ಪಾನ್‌ದಾನ್‌ಗೆ ಎಷ್ಟು ವಯಸ್ಸೆಂದು ನಮಗೆ ಖಚಿತವಿಲ್ಲದ್ದರಿಂದ ಅದು ಇಲ್ಲಿಯೇ ಇರಲಿ ಎಂದೆ. ಹುಡುಗಿ ಒಪ್ಪಿದಳು, ಆದರೆ ಖಾಲಿ ಇಡಬಾರದೆಂದು ಕಟೋರಿಗಳಿಗೆ ಗುಂಡಿಗಳನ್ನು ಬಣ್ಣವಾರು ತುಂಬಿಸಿಟ್ಟು ಹೋಗಿದ್ದಾಳೆ. ಪ್ರತಿ ಶುಕ್ರವಾರ ಫೋನು ಮಾಡಿದಾಗ ಮೊದಲ ಪ್ರಶ್ನೆ, "ನಾನಿ, ಆರನೆಯ ಕಟೋರಿ ಸಿಕ್ಕಿತೇ?" ಇನ್ನೂ ಸಿಕ್ಕಿಲ್ಲ. ತಾಮ್ರದ್ದು, ಅಗಲ ಎರಡೂವರೆ ಅಂಗುಲ, ಅಂಚಿಗೆ ಒಂದು ಗೆರೆ. ನಿಮ್ಮೂರಿನ ಸಂತೆಯಲ್ಲಿ ಕಣ್ಣಿಗೆ ಬಿದ್ದರೆ ನನಗಾಗಿ ಒಂದು ಎತ್ತಿಡುತ್ತೀರಾ?