ರಕ್ತನಾಳ ಕಟ್ಟುವ ಕೋಶಗಳು ಮತ್ತು ಒಂದು ಕಾಲು

ಧಾರವಾಡದಿಂದ ಬೆಳಗಾವಿಯತ್ತ ಹೊರಟರೆ ಬೇಲೂರು ಕೈಗಾರಿಕಾ ಪ್ರದೇಶ ಸಿಗುತ್ತದೆ. ಸೇವೆಯಲ್ಲಿದ್ದಾಗ ಅಲ್ಲಿಗೆ ಹಲವು ಸಲ ಹೋಗಿದ್ದೇನೆ. ಕಾರ್ಖಾನೆಯೊಂದರ ಗೇಟಿನಲ್ಲಿ ಗುತ್ತಿಗೆಯ ಮೇಲಿದ್ದ ಕಾವಲುಗಾರನಿಗೆ ನಲವತ್ತೂ ತುಂಬಿರಲಿಲ್ಲ. ಮೊದಲು ಹೆಬ್ಬೆರಳು ಕಪ್ಪಾಯಿತು. ಮರುವರ್ಷ ಮೊಣಕಾಲಿನ ಕೆಳಗೆ ಕತ್ತರಿಸಿದರು. ‘ಬೀಡಿ ಬಿಡಾಕ ಆಗ್ಲಿಲ್ರಿ ಸಾಹೇಬ್ರ’ ಎಂದಿದ್ದ.

ಅವನಿಗಿದ್ದುದು ಬರ್ಗರ್ ಕಾಯಿಲೆ. 1908ರಲ್ಲಿ ನ್ಯೂಯಾರ್ಕಿನ ವೈದ್ಯ ಲಿಯೋ ಬರ್ಗರ್ ವಿವರಿಸಿದ ಈ ವ್ಯಾಧಿ ತಂಬಾಕು ಸೇವಿಸುವ, ದುಡಿಯುವ ವಯಸ್ಸಿನ ಗಂಡಸರನ್ನೇ ಹೆಚ್ಚಾಗಿ ಹಿಡಿಯುತ್ತದೆ. ಕೈಕಾಲುಗಳ ಕಿರುನಾಳಗಳಲ್ಲಿ ಉರಿಯೂತವಾಗಿ, ರಕ್ತ ಹೆಪ್ಪುಗಟ್ಟಿ ಹರಿವು ನಿಲ್ಲುತ್ತದೆ. ನಾಳಗಳು ತೀರ ಕಿರಿದಾದ್ದರಿಂದ ಬೈಪಾಸ್ ಶಸ್ತ್ರಚಿಕಿತ್ಸೆಗೂ ಬಹಳ ಸಲ ಆಸ್ಪದವಿರುವುದಿಲ್ಲ.

ಹಾಗಾದರೆ ಹೊಸ ನಾಳಗಳನ್ನೇ ಬೆಳೆಸಬಹುದೆ? ಭ್ರೂಣದಲ್ಲಿ ಮಾತ್ರ ರಕ್ತನಾಳಗಳು ಮೂಲಕೋಶಗಳಿಂದ ರೂಪುಗೊಳ್ಳುತ್ತವೆ ಎಂದು ದೀರ್ಘಕಾಲ ನಂಬಲಾಗಿತ್ತು. 1997ರಲ್ಲಿ ತಕಾಯುಕಿ ಅಸಹಾರಾ, ಜೆಫ್ರಿ ಐಸ್ನರ್ ಮತ್ತು ಸಂಗಡಿಗರು ವಯಸ್ಕರ ರಕ್ತದಲ್ಲಿಯೂ ನಾಳದ ಒಳಪದರವಾಗಬಲ್ಲ ಕೋಶಗಳಿವೆಯೆಂದು ತೋರಿಸಿದಾಗ ವೈದ್ಯಲೋಕ ಪುಳಕಗೊಂಡಿತು. ಮುಂದೆ ತಿಳಿದ ಸಂಗತಿ ಬೇರೆ: ಅವುಗಳಲ್ಲಿ ಬಹುಪಾಲು ತಾವೇ ಗೋಡೆಯಾಗುವುದಿಲ್ಲ, ಬೆಳವಣಿಗೆಯ ಅಂಶಗಳನ್ನು ಸ್ರವಿಸಿ ಇದ್ದ ನಾಳಗಳು ಕವಲೊಡೆಯುವಂತೆ ಮಾಡುತ್ತವೆ. ಇಟ್ಟಿಗೆಗಳೆಂದುಕೊಂಡವು ಮೇಸ್ತ್ರಿಗಳಾಗಿದ್ದವು! ಫಲವೂ ಎಲ್ಲೆಡೆ ಸಿಗಲಿಲ್ಲ. ನೆದರ್ಲೆಂಡ್ಸ್‌ನಲ್ಲಿ 160 ರೋಗಿಗಳಿಗೆ ನಡೆಸಿ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಸ್ಥಿಮಜ್ಜೆಯ ಕೋಶ ಪಡೆದವರ ಕಾಲುಗಳು ಹುಸಿಮದ್ದು ಪಡೆದವರಿಗಿಂತ ಹೆಚ್ಚಾಗಿ ಉಳಿಯಲಿಲ್ಲ.

ನಮ್ಮಲ್ಲಿ ಮಣಿಪಾಲ ಸಮೂಹದಿಂದ ಹುಟ್ಟಿದ, ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆ ಮತ್ತೊಂದು ಬಗೆಯ ಕೋಶವನ್ನು ಆರಿಸಿತು. ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಮೆಸೆಂಕೈಮಲ್ ಕೋಶಗಳನ್ನು ಮೀನಖಂಡಕ್ಕೆ ಚುಚ್ಚುವ ಈ ಔಷಧಕ್ಕೆ 2016ರಲ್ಲಿ ಕೇಂದ್ರದ ಔಷಧ ನಿಯಂತ್ರಕರು ಬರ್ಗರ್ ಕಾಯಿಲೆಗೆಂದು ಸೀಮಿತ ಅನುಮತಿ ಕೊಟ್ಟರು; 2020ರಲ್ಲಿ ಅದು ಧಮನಿಕಾಠಿಣ್ಯದಿಂದ ಕಾಲು ಕಳೆದುಕೊಳ್ಳುವ ಸ್ಥಿತಿಯಲ್ಲಿರುವವರಿಗೂ ವಿಸ್ತರಿಸಿತು.

ಅರ್ಥಶಾಸ್ತ್ರ ಓದಿದವನಾಗಿ ನನಗನ್ನಿಸುವುದು: ಇದರ ಬೆಲೆಯನ್ನು ಕಾಲು ಕತ್ತರಿಸುವ ವೆಚ್ಚದೊಡನೆ ಹೋಲಿಸುವುದು ತಪ್ಪು ಲೆಕ್ಕ. ಹೋಲಿಸಬೇಕಾದುದು ಕುಟುಂಬವೊಂದು ಕಳೆದುಕೊಳ್ಳುವ ಇಪ್ಪತ್ತು ವರ್ಷಗಳ ಕೂಲಿಯೊಡನೆ. ಆದರೂ ಸರಕಾರದ ಮೊದಲ ಹಣ ಬೀಡಿ ಬಿಡಿಸುವುದಕ್ಕೇ ಹೋಗಬೇಕು. ಕೊಳೆತ ಆರಂಭವಾಗುವ ಮುನ್ನ ತಂಬಾಕನ್ನು ಪೂರ್ತಿ ತೊರೆದವರಲ್ಲಿ ಕಾಲು ಕತ್ತರಿಸುವ ಪ್ರಸಂಗ ಅಪರೂಪ. ಸೇದುತ್ತಲೇ ಇರುವವನಿಗೆ ಯಾವ ಕೋಶವೂ ಎಷ್ಟು ದಿನ ನಾಳ ಕಟ್ಟೀತು?

ಗುತ್ತಿಗೆ ಕಾರ್ಮಿಕರ ಪಾದದ ನಾಡಿಯನ್ನು ಎರಡು ಬೆರಳಿನಿಂದ ಮುಟ್ಟಿ ನೋಡಲು ಅರ್ಧ ನಿಮಿಷ ಸಾಕು. ಆ ಕಾವಲುಗಾರನ ಪಾದವನ್ನು ಹೆಬ್ಬೆರಳು ಕಪ್ಪಾಗುವ ತನಕ ಯಾರೂ ಮುಟ್ಟಿರಲಿಲ್ಲ.